ಮೊದಲ ಎಂಟು ಪೀರಿಯಡ್ ಹಳೆಯ ಪಾಠಕ್ಕೇ ಇರಲಿ

ಹೋದ ವರ್ಷ ಜುಲೈ ಕೊನೆಯ ವಾರ ನಮ್ಮ ಕಾಮರ್ಸ್ ಕ್ಲಾಸಿನ ಹಿಂದಿನ ಬೆಂಚಿಗೆ ಮೂವರು ಹೊಸಬರು ಬಂದು ಕೂತರು. ಹೊಸಬರು ಎಂದರೆ ಬೇರೆ ಊರಿನವರಲ್ಲ, ನಮ್ಮ ಕಾಲೇಜಿನ ಸೈನ್ಸ್ ವಿಭಾಗದವರೇ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಮೂವರಿಗೂ ನನಗಿಂತ ಹೆಚ್ಚು ಅಂಕ ಬಂದಿದ್ದವು. ಇಬ್ಬರು ಕನ್ನಡ ಮಾಧ್ಯಮ, ಒಬ್ಬಳು ಉರ್ದು ಮಾಧ್ಯಮ. "ಯಾಕ ಬಿಟ್ರಿ?" ಎಂದು ಕೇಳಿದರೆ ಮೂವರದೂ ಒಂದೇ ಮಾತು: "ಕೆಮಿಸ್ಟ್ರಿ ತಲಿಗೆ ಹತ್ತಲಿಲ್ಲ." ಈ ವರ್ಷವೂ ಇಬ್ಬರು ಬಂದಿದ್ದಾರೆ.

ಕಾಮರ್ಸಿಗೆ ಯಾರು ಬಂದರೂ ಸಂತೋಷವೇ. ಆದರೆ ನಾನು ಈ ವಿಷಯವನ್ನು ಇಷ್ಟಪಟ್ಟು ತೆಗೆದುಕೊಂಡವಳು. ಇದನ್ನು ಸೈನ್ಸ್ ಬಿಟ್ಟವರ ಮುಸಾಫಿರಖಾನೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಉರ್ದು ಮಾಧ್ಯಮದಿಂದ ಬಂದ ಆ ಹುಡುಗಿಗೆ ನರ್ಸ್ ಆಗುವ ಆಸೆಯಿತ್ತು. ಬಿಎಸ್ಸಿ ನರ್ಸಿಂಗ್ ಓದಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು. ಎರಡು ತಿಂಗಳೂ ತುಂಬದ ಕೆಮಿಸ್ಟ್ರಿ ಕ್ಲಾಸಿನಿಂದ ಆ ದಾರಿ ಮುಚ್ಚಿಹೋಯಿತು. ಈಗ ಅವಳು ನನ್ನ ಪಕ್ಕದಲ್ಲಿ ಕೂತು ಜರ್ನಲ್ ಎಂಟ್ರಿ ಬರೆಯುತ್ತಾಳೆ, ಚೆನ್ನಾಗಿಯೇ ಬರೆಯುತ್ತಾಳೆ. ಬುದ್ಧಿ ಕಡಿಮೆ ಇದ್ದವಳಾಗಿದ್ದರೆ ಇಲ್ಲೂ ಕಷ್ಟವಾಗಬೇಕಿತ್ತಲ್ಲ?

ಹಾಗಾಗಿ ನಮ್ಮ ಪ್ರಾಚಾರ್ಯರಲ್ಲಿ ಮತ್ತು ರಸಾಯನಶಾಸ್ತ್ರದ ಉಪನ್ಯಾಸಕರಲ್ಲಿ ಒಂದು ವಿನಂತಿ. ಪ್ರಥಮ ಪಿಯುಸಿಯ ಮೊದಲ ಎಂಟು ಪೀರಿಯಡ್‌ಗಳಲ್ಲಿ ಹೊಸ ಪಾಠ ಬೇಡ. ಪರಮಾಣುವಿನ ರಚನೆ ಮತ್ತು ರಾಸಾಯನಿಕ ಬಂಧ, ಇವೆರಡನ್ನೇ ಇನ್ನೊಮ್ಮೆ ನೋಡೋಣ. ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ, ಯಾವುದರಲ್ಲಿ ತಿಳಿಯುತ್ತದೋ ಅದರಲ್ಲಿ. ನಮ್ಮಂಥ ಕಾಮರ್ಸ್, ಆರ್ಟ್ಸ್‌ನವರಿಗೂ ಬಾಗಿಲು ತೆರೆದಿರಲಿ.

"ಅದೆಲ್ಲ ಒಂಬತ್ತನೇ ಕ್ಲಾಸಿನಲ್ಲೇ ಆಗಿದೆಯಲ್ಲ" ಎನ್ನಬಹುದು. ಆಗಿದೆ, ನಿಜ. ಒಂಬತ್ತರಲ್ಲಿ ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಎಲ್ಲರನ್ನೂ ಓದಿದ್ದೇವೆ. ಎರಡು, ಎಂಟು, ಎಂಟು ಎಂದು ಕವಚಗಳಲ್ಲಿ ಎಲೆಕ್ಟ್ರಾನ್ ತುಂಬಿದ್ದೇವೆ. ಹತ್ತರಲ್ಲಿ ಲೋಹ-ಅಲೋಹ ಪಾಠದಲ್ಲಿ ಅಯಾನಿಕ ಬಂಧ, ಕಾರ್ಬನ್ ಪಾಠದಲ್ಲಿ ಸಹವೇಲೆನ್ಸೀಯ ಬಂಧ. ಆದರೆ ಪಿಯು ಪುಸ್ತಕದ ಎರಡನೇ ಘಟಕ ತೆರೆದರೆ ಕವಚಗಳು ಮಾಯವಾಗಿ ಎಸ್, ಪಿ, ಡಿ, ಎಫ್ ಎಂಬ ಆರ್ಬಿಟಲ್‌ಗಳು ಬಂದಿರುತ್ತವೆ. ಮೂರನೇ ಘಟಕ ಆವರ್ತ ಕೋಷ್ಟಕ, ನಾಲ್ಕನೆಯದು ಬಂಧ. ಆವರ್ತ ಕೋಷ್ಟಕದ ಅಧ್ಯಾಯವನ್ನಂತೂ ಎನ್‌ಸಿಇಆರ್‌ಟಿಯವರು 2022ರಲ್ಲಿ ಹೊರೆ ಇಳಿಸುತ್ತೇವೆಂದು ತಮ್ಮ ಹತ್ತನೇ ತರಗತಿಯ ಪುಸ್ತಕದಿಂದಲೇ ತೆಗೆದರು. ಇಳಿಸಿದ ಹೊರೆ ಎಲ್ಲಿ ಹೋಯಿತು? ಹನ್ನೊಂದನೇ ತರಗತಿಯವರ ತಲೆಯ ಮೇಲೆ ಕೂತಿತು, ಅದೂ ಇಂಗ್ಲಿಷಿನಲ್ಲಿ.

ಮೊದಲ ತೊಡಕು ಪದಗಳದ್ದು. ನಮ್ಮ ಕನ್ನಡ ಪುಸ್ತಕದಲ್ಲಿ ಪರಮಾಣು ಎಂದರೆ ಆಟಮ್, ಅಣು ಎಂದರೆ ಮಾಲಿಕ್ಯೂಲ್. ಪೇಪರ್ ತೆಗೆದರೆ ಕೈಗಾದಲ್ಲಿರುವುದು "ಅಣು ವಿದ್ಯುತ್ ಸ್ಥಾವರ", ಜಪಾನಿನ ಮೇಲೆ ಬಿದ್ದದ್ದು "ಅಣುಬಾಂಬ್". ಅಲ್ಲಿ ಕೆಲಸ ಮಾಡುವುದು ಮಾಲಿಕ್ಯೂಲ್ ಅಲ್ಲ, ಪರಮಾಣುವಿನ ಹೊಟ್ಟೆಯೊಳಗಿನ ನ್ಯೂಕ್ಲಿಯಸ್. ಒಂದೇ ಪದ ಪುಸ್ತಕದಲ್ಲಿ ಒಂದು, ಪೇಪರಿನಲ್ಲಿ ಇನ್ನೊಂದು. ಉರ್ದುವಿನಲ್ಲಿ ಮಾಲಿಕ್ಯೂಲಿಗೆ ಸಾಲ್ಮಾ, ಪರಮಾಣುವಿಗೆ ಜೌಹರ್ ಎಂಬ ಹಳೆಯ ಪದವಿದೆ. ಜೌಹರಿ ಎಂದರೆ ನಮ್ಮ ಮನೆಯಲ್ಲಿ ಒಡವೆ ಪರೀಕ್ಷಿಸುವವನು! ಇಷ್ಟನ್ನೆಲ್ಲ ತಲೆಯಲ್ಲಿ ಹೊತ್ತ ಹುಡುಗಿಯ ಮುಂದೆ ಬೋರ್ಡಿನ ಮೇಲೆ "ಮಾಲಿಕ್ಯೂಲ್" ಎಂದು ಬರೆದು ಮುಂದೆ ಹೋದರೆ ಅವಳು ಹಿಂದೆಯೇ ಉಳಿಯುತ್ತಾಳೆ. ಒಂದೇ ಒಂದು ಪೀರಿಯಡ್ ಈ ನಾಲ್ಕು ಪದಗಳನ್ನು ಎದುರು ಬದುರು ಇಟ್ಟರೆ ಸಾಕು.

ಅದೇ ಪೀರಿಯಡ್‌ನಲ್ಲಿ ಇನ್ನೊಂದು ಪ್ರಶ್ನೆಯೂ ಮುಗಿಯುತ್ತದೆ. ಸೋಡಿಯಂ ಹೆಸರು ಎಸ್‌ನಿಂದ ಶುರುವಾದರೂ ಅದರ ಸಂಕೇತ ಎನ್‌ಎ ಏಕೆ? ಪೊಟ್ಯಾಸಿಯಂಗೆ ಕೆ ಏಕೆ? ನಮ್ಮ ಟೀಚರ್ ಲ್ಯಾಟಿನ್ ಎಂದು ಹೇಳಿ ಬಿಟ್ಟಿದ್ದರು. ಆ ಲ್ಯಾಟಿನ್ನಿನ ಹಿಂದೆ ಅರಬ್ಬಿ ಇದೆ. ಕೆ ಎಂಬುದು ಕೇಲಿಯಂ, ಅದು ಅಲ್-ಕಲಿಯಿಂದ, ಅಂದರೆ ಗಿಡಗಳನ್ನು ಸುಟ್ಟ ಬೂದಿಯಿಂದ ಬಂದ ಪದ. ಇಂಗ್ಲಿಷಿನ ಆಲ್ಕಲಿಯೂ ಅಲ್ಲಿಂದಲೇ. ನೇಟ್ರಿಯಂ ಹಿಂದೆ ಇರುವುದು ನತ್ರೂನ್, ಸೋಡಾ ಸಿಗುವ ಖನಿಜ. ಕೆಮಿಸ್ಟ್ರಿ ಎಂಬ ಪದವೇ ಅಲ್-ಕೀಮಿಯಾದ ದಾರಿಯಲ್ಲಿ ಯುರೋಪಿಗೆ ಹೋದದ್ದು. ಹೆಮ್ಮೆಪಟ್ಟುಕೊಳ್ಳಲಿ ಎಂದು ಇದನ್ನು ಹೇಳುತ್ತಿಲ್ಲ, ಹೆಮ್ಮೆಗೆ ಅಂಕವಿಲ್ಲ. ಮನೆಯಲ್ಲಿ ಕೇಳಿದ ಸದ್ದು ಪುಸ್ತಕದಲ್ಲಿ ಸಿಕ್ಕರೆ ನೆನಪು ನಿಲ್ಲುತ್ತದೆ, ಅಷ್ಟೇ.

ಪರಮಾಣು ಎಷ್ಟು ಖಾಲಿ ಎಂಬುದನ್ನು ಚಿತ್ರದಲ್ಲಿ ತೋರಿಸಲು ಆಗುವುದೇ ಇಲ್ಲ. ಪುಸ್ತಕದ ಚಿತ್ರದಲ್ಲಿ ನ್ಯೂಕ್ಲಿಯಸ್ ಲಿಂಬೆಹಣ್ಣಿನಷ್ಟು, ಸುತ್ತ ಬಳೆಯಷ್ಟು ದೂರದಲ್ಲಿ ಎಲೆಕ್ಟ್ರಾನ್. 1911ರಲ್ಲಿ ರುದರ್‌ಫೋರ್ಡ್ ಹೇಳಿದ್ದು ಇದನ್ನಲ್ಲ. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಒಳ್ಳೆಯ ಅಳತೆಗೋಲು ಇದೆ. ಗೋಳಗುಮ್ಮಟದ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲ. ಪರಮಾಣು ಅಷ್ಟು ದೊಡ್ಡದಾದರೆ ಅದರ ಲಕ್ಷದಲ್ಲಿ ಒಂದು ಪಾಲಿನ ನ್ಯೂಕ್ಲಿಯಸ್ ಅರ್ಧ ಮಿಲಿಮೀಟರಿಗೂ ಕಡಿಮೆ, ಉಪ್ಪಿಟ್ಟಿನ ರವೆಯ ಒಂದು ಕಾಳು. ಹೆಚ್ಚುಕಡಿಮೆ ಎಲ್ಲ ತೂಕ ಆ ಕಾಳಿನಲ್ಲೇ. ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಕೆಳಗೆ ನೋಡಿದವರಿಗೆ ಇದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಈಗ ಬಂಧಕ್ಕೆ ಬರುತ್ತೇನೆ. ನನ್ನ ಮುಖ್ಯ ತಕರಾರು ಇರುವುದು ಇಲ್ಲೇ.

ಉಪ್ಪು ಹೇಗೆ ಆಗುತ್ತದೆ ಎಂದು ಯಾರನ್ನು ಕೇಳಿದರೂ ಉತ್ತರ ಬಾಯಿಪಾಠ. ಸೋಡಿಯಂನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್ ಇದೆ, ಅದಕ್ಕೆ ಬೇಡ. ಕ್ಲೋರಿನ್‌ಗೆ ಏಳು ಇವೆ, ಇನ್ನೊಂದು ಬೇಕು. ಇದು ಕೊಟ್ಟಿತು, ಅದು ತೆಗೆದುಕೊಂಡಿತು, ಇಬ್ಬರಿಗೂ ಎಂಟಾಯಿತು, ಬಂಧವಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ ಪೂರ್ತಿ ಅಂಕ. ಕಾಮರ್ಸ್ ವಿದ್ಯಾರ್ಥಿಗೆ ಈ ಕಥೆ ಕೇಳಲು ಖುಷಿ, ಡಬಲ್ ಎಂಟ್ರಿಯ ಹಾಗೇ ಇದೆ: ಒಂದು ಖಾತೆಯಿಂದ ಹೋದದ್ದು ಇನ್ನೊಂದಕ್ಕೆ ಬರಬೇಕು, ಒಟ್ಟು ವಿದ್ಯುದಾವೇಶ ಸೊನ್ನೆಯೇ ಉಳಿಯಬೇಕು. ಆದರೆ ತಾಳೆಪಟ್ಟಿಯ ಎರಡು ಬದಿ ಸರಿಹೊಂದಿತು ಎಂದ ಮಾತ್ರಕ್ಕೆ ಲೆಕ್ಕವೆಲ್ಲ ಸರಿ ಎಂದಲ್ಲ. ಇದು ನಮಗೆ ಪ್ರಥಮ ಪಿಯುಸಿಯಲ್ಲೇ ಹೇಳುತ್ತಾರೆ.

ಸೈನ್ಸ್ ಗೆಳತಿಯೊಬ್ಬಳ ಪುಸ್ತಕ ಎರವಲು ತಂದು ಬಂಧದ ಘಟಕ ಓದಿದೆ. ಅಲ್ಲಿ ಒಂದು ಲೆಕ್ಕ ಇದೆ. ಆವಿಯ ರೂಪದ ಸೋಡಿಯಂ ಪರಮಾಣುವಿನಿಂದ ಆ "ಬೇಡದ" ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಮೋಲಿಗೆ 495.8 ಕಿಲೋಜೂಲ್ ಖರ್ಚು. ಬೇಡವಾದದ್ದನ್ನು ಬಿಟ್ಟುಕೊಡಲು ಇಷ್ಟು ಖರ್ಚೇಕೆ? ಸೋಡಿಯಂಗೆ ಅದು ಬೇಡವಾಗಿಯೇ ಇರಲಿಲ್ಲ. ನ್ಯೂಕ್ಲಿಯಸ್ ಅದನ್ನು ಹಿಡಿದುಕೊಂಡೇ ಇತ್ತು. ಕ್ಲೋರಿನ್ ಅದನ್ನು ಸ್ವೀಕರಿಸಿದಾಗ ವಾಪಸ್ ಬರುವುದು 348.7. ಅಂದರೆ ಕೊಡು-ಕೊಳ್ಳು ಮುಗಿಯುವ ಹೊತ್ತಿಗೆ 147.1 ಕಿಲೋಜೂಲ್ ನಷ್ಟ. ಅಬ್ಬಾನ ಕಿರಾಣಿ ಅಂಗಡಿಯಲ್ಲಿ ಇಂಥ ವ್ಯಾಪಾರ ಎರಡು ದಿನ ನಡೆದರೆ ಮೂರನೇ ದಿನ ಶಟರ್ ಎಳೆಯಬೇಕಾಗುತ್ತದೆ. ನಮ್ಮ ಬಾಯಿಪಾಠದ ಉತ್ತರ ನಿಲ್ಲುವುದು ಸರಿಯಾಗಿ ಈ ನಷ್ಟದ ಜಾಗದಲ್ಲಿ.

ಲಾಭ ಬರುವುದು ಆಮೇಲೆ. ಧನ ಅಯಾನುಗಳೂ ಋಣ ಅಯಾನುಗಳೂ ಹತ್ತಿರ ಬಂದು, ಒಂದರ ಪಕ್ಕ ಒಂದು, ಮೇಲೆ ಕೆಳಗೆ ಜೋಡಿಸಿಕೊಂಡು ಹರಳಾದಾಗ ಹೊರಬರುವ ಶಕ್ತಿ 788 ಕಿಲೋಜೂಲ್. ಗಟ್ಟಿ ಸೋಡಿಯಂ ಲೋಹವನ್ನು ಆವಿ ಮಾಡುವ 108.4, ಕ್ಲೋರಿನ್ ಅನಿಲದ ಜೋಡಿಯನ್ನು ಬಿಡಿಸುವ 121, ಇವನ್ನೂ ಖರ್ಚಿನ ಬದಿಗೆ ಬರೆಯೋಣ. ಒಟ್ಟು ಖರ್ಚು 725.2. ಒಟ್ಟು ಜಮಾ 1136.7. ನಿವ್ವಳ ಲಾಭ ಸುಮಾರು 411. ಇದನ್ನು 1919ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ ಲೆಕ್ಕ ಹಾಕಿ ತೋರಿಸಿದರು. ಸೈನ್ಸಿನವರು ಇದನ್ನು ಬಾರ್ನ್-ಹೇಬರ್ ಚಕ್ರ ಎಂದು ಹೆದರಿಕೊಂಡು ಓದುತ್ತಾರೆ. ನಾನು ಲಾಭ-ನಷ್ಟ ಖಾತೆಯಂತೆ ಎರಡು ಬದಿ ಗೆರೆ ಎಳೆದು ಬರೆದು ಕೊಟ್ಟಾಗ ನನ್ನ ಗೆಳತಿ ಹೇಳಿದ್ದು, "ಇಷ್ಟs ಏನು?" ಇಷ್ಟೇ. ಆದರೆ ಈ ಇಷ್ಟನ್ನು ಯಾರಾದರೂ ಕೂತು ಹೇಳಬೇಕು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಹರಳಿನಲ್ಲಿ ಒಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಇವುಗಳಲ್ಲಿ ಎಲೆಕ್ಟ್ರಾನ್ ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಎಂಬುದಕ್ಕೆ ಈಗ ಬೆಲೆಯಿಲ್ಲ. ಆರು ಕಡೆಯಿಂದಲೂ ಸೆಳೆತ ಸಮ. ಹಾಗಿದ್ದಮೇಲೆ "ಉಪ್ಪಿನ ಒಂದು ಅಣು" ಎಲ್ಲಿದೆ? ಇಲ್ಲ. ಉಪ್ಪಿಗೆ ಅಣುವೇ ಇಲ್ಲ, ಒಂದಕ್ಕೊಂದು ಎಂಬ ಪ್ರಮಾಣ ಮಾತ್ರ ಇದೆ. ಲೈಬ್ರರಿಯಲ್ಲಿ ನಾನು ಏಳು ಮಂದಿ ಸೈನ್ಸಿನವರನ್ನು ಕೇಳಿದೆ, ಆರು ಮಂದಿ "ಉಪ್ಪಿನ ಅಣುವಿನಲ್ಲಿ ಎರಡು ಪರಮಾಣು" ಎಂದರು. ಅವರಲ್ಲಿ ಇಬ್ಬರು ಇಂಗ್ಲಿಷ್ ಮಾಧ್ಯಮದವರು. ಪುನರಾವರ್ತನೆ ಮಾಡಿದರೆ ಇಂಗ್ಲಿಷ್ ಮಾಧ್ಯಮದವರಿಗೆ ಬೇಜಾರಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇದು.

ಸಕ್ಕರೆಯದ್ದು ಬೇರೆ ಜಾತಕ. ಅಲ್ಲಿ ಪರಮಾಣುಗಳು ಎಲೆಕ್ಟ್ರಾನನ್ನು ಹಂಚಿಕೊಂಡಿವೆ, ಅದು ಪಾಲುದಾರಿಕೆ. ಹಾಗಾಗಿ ಸಕ್ಕರೆಗೆ ನಿಜವಾದ ಅಣು ಇದೆ. ಅಡುಗೆಮನೆಯಲ್ಲಿ ನೋಡಿ: ಬಾಣಲೆಯಲ್ಲಿ ಸಕ್ಕರೆ ಹಾಕಿ ಕಾಯಿಸಿದರೆ ಸ್ವಲ್ಪ ಹೊತ್ತಿಗೆ ಕರಗಿ ಕಂದು ಪಾಕವಾಗುತ್ತದೆ. ಹರಳುಪ್ಪು ಹಾಕಿದರೆ ಚಟಪಟ ಸಿಡಿಯುತ್ತದೆ, ಕರಗುವುದಿಲ್ಲ. ಅದು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಗ್ಯಾಸ್ ಒಲೆಯ ಬಾಣಲೆಗೆ ಆಗದ ಮಾತು. ಆದರೆ ಅದೇ ಉಪ್ಪು ಸಾರಿನಲ್ಲಿ ಕರಗುತ್ತದಲ್ಲ! ನಮ್ಮ ಆಡುಮಾತಿನ ಕನ್ನಡದಲ್ಲಿ ಎರಡಕ್ಕೂ "ಕರಗು" ಎನ್ನುತ್ತೇವೆ. ಮನೆಯಲ್ಲಿ ಅಮ್ಮಿ ಬೆಣ್ಣೆಗೆ "ಪಿಘಲ್ನಾ" ಎನ್ನುತ್ತಾಳೆ, ಸಕ್ಕರೆ ಚಹಾದಲ್ಲಿ ಹೋದರೆ "ಘುಲ್ನಾ" ಎನ್ನುತ್ತಾಳೆ, ಒಂದರ ಜಾಗದಲ್ಲಿ ಇನ್ನೊಂದನ್ನು ಎಂದೂ ಹಾಕುವುದಿಲ್ಲ. ಪುಸ್ತಕದವರು ದ್ರವನ, ವಿಲೀನ ಎಂದು ಬರೆದು ಬೇರೆ ಮಾಡಿದ್ದಾರೆ, ಆದರೆ ಆ ಪದಗಳನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ಉರ್ದು ಮನೆಯ ಹುಡುಗಿ ಎದ್ದು ನಿಂತು ಪಿಘಲ್ನಾ, ಘುಲ್ನಾ ಎಂದು ಹೇಳಿದರೆ ಇಡೀ ಕ್ಲಾಸಿಗೆ ಉಪಕಾರ. ಈಗ ಅವಳು ಇಂಗ್ಲಿಷ್ ಬಾರದೆಂದು ಬಾಯಿ ಮುಚ್ಚಿ ಕೂತಿದ್ದಾಳೆ.

ಕಾಮರ್ಸಿನವರಿಗೆ ಇದೆಲ್ಲ ಯಾಕೆ ಎಂದು ನನ್ನ ಕ್ಲಾಸಿನವರೇ ಕೇಳಿದರು. ಕುಡಿಯುವ ನೀರಿನ ಸಲುವಾಗಿ. ನಮ್ಮ ವಿಜಯಪುರ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ ಬ್ಯೂರೋದ ಮಿತಿ. ಅದಕ್ಕಿಂತ ಹೆಚ್ಚಾದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು-ಕೀಲು ಹಿಡಿದುಕೊಳ್ಳುತ್ತವೆ. ನನ್ನ ದಾದಿ "ನೀರು ಕುದಿಸಿ ಕುಡಿದರ ಎಲ್ಲಾ ಹೋಗತೈತಿ" ಎಂದು ನಂಬಿದ್ದರು. ಓಣಿಯಲ್ಲಿ ಬಹಳ ಜನ ಹಾಗೆಯೇ ನಂಬಿದ್ದಾರೆ. ಕುದಿಸಿದರೆ ಸಾಯುವುದು ರೋಗದ ಕ್ರಿಮಿ. ಫ್ಲೋರೈಡ್ ಜೀವಿಯಲ್ಲ, ಅದು ಒಂದು ಎಲೆಕ್ಟ್ರಾನ್ ಹೆಚ್ಚು ಪಡೆದು ಹತ್ತಾಗಿಸಿಕೊಂಡ ಫ್ಲೋರಿನ್. ನೀರು ಆವಿಯಾಗಿ ಹೋದರೂ ಅದು ಪಾತ್ರೆಯಲ್ಲೇ ಉಳಿಯುತ್ತದೆ. ಕುದಿಸಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅದನ್ನು ತೆಗೆಯಲು ಶುದ್ಧ ನೀರಿನ ಘಟಕದಲ್ಲಿರುವಂಥ ಆರ್‌ಒ ಬೇಕು. ಫ್ಲೋರಿನ್ ವಿಷಾನಿಲ, ಅದೇ ಹೆಸರಿನ ಫ್ಲೋರೈಡ್ ಟೂತ್‌ಪೇಸ್ಟಿನಲ್ಲಿ ಹೇಗೆ ಬಂತು ಎಂದು ಕೇಳಿದರೂ ಉತ್ತರ ಆ ಒಂದು ಎಲೆಕ್ಟ್ರಾನಿನಲ್ಲೇ ಇದೆ. ಪರಮಾಣುವಿಗೂ ಅಯಾನಿಗೂ ಇರುವ ಈ ವ್ಯತ್ಯಾಸ ತಿಳಿಯದವರು ಮುಂದೆ ಪಂಚಾಯಿತಿ ಸದಸ್ಯರಾಗಬಹುದು, ಬ್ಯಾಂಕ್ ಮ್ಯಾನೇಜರ್ ಆಗಬಹುದು, ಮನೆಯಲ್ಲಿ ಮಕ್ಕಳಿಗೆ ನೀರು ಕುಡಿಸುವವರಂತೂ ಆಗೇ ಆಗುತ್ತಾರೆ.

ಹೊಲದವರಿಗೂ ಇದು ಬೇಕು. ಡೋಣಿ ಹೊಳೆಯ ನೀರು ಸವಳು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಲುವೆ ನೀರು ನಿಂತು ಎರಿ ಹೊಲಗಳು ಸವಳು-ಜವಳಾದದ್ದೂ ಗೊತ್ತು. ಎರಿ ಮಣ್ಣಿನ ಜೇಡಿಕಣಗಳ ಮೇಲೆ ಋಣ ಆವೇಶ ಇರುತ್ತದೆ, ಸೋಡಿಯಂ ಅಯಾನು ಅಲ್ಲಿ ಹೆಚ್ಚಾಗಿ ಸೇರಿಕೊಂಡರೆ ಮಣ್ಣು ಬಿಗಿದುಕೊಂಡು ನೀರು ಇಳಿಯುವುದಿಲ್ಲ. ಅಂಥ ನೆಲಕ್ಕೆ ಜಿಪ್ಸಂ ಹಾಕುವುದು ಏಕೆಂದರೆ ಅದರ ಕ್ಯಾಲ್ಸಿಯಂಗೆ ಎರಡು ಧನ ಆವೇಶ, ಅದು ಸೋಡಿಯಂನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತದೆ. ಸೋಡಿಯಂ ನೀರಿನೊಂದಿಗೆ ಬಸಿದು ಹೋಗಬೇಕು, ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂ ಚೀಲದ ದುಡ್ಡು ದಂಡ.

ಸಿಲಬಸ್ ಮುಗಿಯುವುದಿಲ್ಲ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಸಿಇಟಿ, ನೀಟ್ ಬರೆಯುವವರಿದ್ದಾರೆ, ಉಪನ್ಯಾಸಕರ ಮೇಲೆ ಒತ್ತಡವಿದೆ. ಆದರೆ ಎಂಟು ಪೀರಿಯಡ್ ಎಂದರೆ ಎರಡು ವಾರಕ್ಕೂ ಕಡಿಮೆ. ಎರಡನೇ, ಮೂರನೇ, ನಾಲ್ಕನೇ ಘಟಕಗಳು ಮೂರೂ ಇದರ ಮೇಲೇ ನಿಂತಿರುವುದರಿಂದ ಅಲ್ಲಿ ಪ್ರತಿಸಲ ಹಿಂದೆ ಹೋಗಿ ವಿವರಿಸುವ ಸಮಯ ಉಳಿಯುತ್ತದೆ. ಆದರೆ ಹಳೆಯ ನೋಟ್ಸನ್ನೇ ಮತ್ತೆ ಡಿಕ್ಟೇಟ್ ಮಾಡುವುದಾದರೆ ಈ ಎಂಟು ಪೀರಿಯಡ್ ಬೇಡವೇ ಬೇಡ ಎಂದು ನಾನೇ ಹೇಳುತ್ತೇನೆ. ಬರಿ ಓದಿಸಿದರೆ "ಎಂಟು ತುಂಬಬೇಕು" ಎಂಬ ಅದೇ ಕಥೆ ಇನ್ನಷ್ಟು ಗಟ್ಟಿಯಾಗುತ್ತದೆ. ಪ್ರಶ್ನೆಯಿಂದ ಶುರುವಾಗಬೇಕು: ಉಪ್ಪಿನ ಅಣು ತೋರಿಸಿ. ಫ್ಲೋರಿನ್, ಫ್ಲೋರೈಡ್ ಎರಡರ ಪ್ರೋಟಾನ್ ಎಣಿಸಿ, ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ? ನೀರಿನ ಅಣುವಿನಲ್ಲಿ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿಯನ್ನು ಯಾರು ಹೆಚ್ಚು ತಮ್ಮ ಕಡೆ ಎಳೆದುಕೊಂಡಿದ್ದಾರೆ, ಪಾಲುದಾರಿಕೆ ಸಮಪಾಲೋ ಅಲ್ಲವೋ? ತಪ್ಪು ಉತ್ತರ ಬಂದರೆ ನಗಬಾರದು, ಬೋರ್ಡಿನ ಮೇಲೆ ಬರೆಯಬೇಕು. ತಪ್ಪು ಕಂಡರೆ ತಾನೆ ತಿದ್ದುವುದು.

ಪರೀಕ್ಷೆ, ಅಂಕ ಬೇಡ. ದ್ವಿತೀಯ ಪಿಯುಸಿಯ ಸೈನ್ಸ್ ಅಕ್ಕ-ಅಣ್ಣಂದಿರು ಇಬ್ಬಿಬ್ಬರು ಕೂತರೆ ಉರ್ದುವಿನಲ್ಲಿ ಕೇಳುವವರಿಗೆ ಉರ್ದುವಿನಲ್ಲಿ, ಕನ್ನಡದಲ್ಲಿ ಕೇಳುವವರಿಗೆ ಕನ್ನಡದಲ್ಲಿ ಹೇಳಿಕೊಡಬಹುದು. ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಯರು ಸಂಜೆ ನಿಲ್ಲಲಾರರು, ಆದ್ದರಿಂದ ಇದು ಟೈಮ್‌ಟೇಬಲ್ ಒಳಗೇ ಇರಬೇಕು, ಕಾಲೇಜು ಬಿಟ್ಟ ಮೇಲೆ ಅಲ್ಲ. ಕಾಮರ್ಸಿನವರಿಗೆ ಶನಿವಾರದ ಕೊನೆಯ ಪೀರಿಯಡ್ ಹೇಗೂ ಖಾಲಿ ಇದೆ. ಅದರಲ್ಲಿ ಒಂದೆರಡು ಕ್ಲಾಸ್ ಇಟ್ಟರೆ ನಾವೂ ಬಂದು ಕೂರುತ್ತೇವೆ. ನಮ್ಮ ಕ್ಲಾಸಿನಿಂದ ಈಗಾಗಲೇ ಐದು ಹೆಸರು ಬರೆದಿಟ್ಟಿದ್ದೇನೆ, ಸೈನ್ಸ್ ಬಿಟ್ಟು ಬಂದ ಇಬ್ಬರ ಹೆಸರೂ ಅದರಲ್ಲಿದೆ. ಪಟ್ಟಿ ಲೈಬ್ರರಿಯ ರಿಜಿಸ್ಟರ್ ಪಕ್ಕದಲ್ಲಿದೆ, ಬರುವವರು ಬರೆಯಿರಿ. ಹರಳುಪ್ಪು ನಾನು ಅಂಗಡಿಯಿಂದ ತರುತ್ತೇನೆ, ಬಾಣಲೆ ಯಾರಾದರೂ ತನ್ನಿ.